ಬಿದರಿ ಡಬ್ಬಿಯ ಕಪ್ಪು

ಪ್ರೀತಿಯ ಸುಮಾ,

ನೀನು ಫೋನ್ ಇಟ್ಟು ಇವತ್ತಿಗೆ ಹನ್ನೊಂದು ದಿನ. ಅಮ್ಮನಿಗೆ ದಿನಾ ನಿನ್ನ ಮೆಸೇಜ್ ಬರುತ್ತದೆ, ಹಾಗಾಗಿ ಚೆನ್ನಾಗಿದ್ದೀಯ ಅಂತ ಗೊತ್ತು. ಶನಿವಾರ ಹಳೇ ಸಾಮಾನು ನೋಡಲು ತಮಿಳುನಾಡಿನ ಕಾರೈಕುಡಿಗೆ ಹೊರಟಿದ್ದೀಯ ಅಂತಲೂ ಅವಳೇ ಹೇಳಿದಳು. ಅದಕ್ಕೇ ಇವತ್ತು ಕೂತು ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನನ್ನ ದನಿ ಮತ್ತೆ ಏರುತ್ತದೆ.

ಅವತ್ತು ಏನೇನು ಮಾತಾಯಿತು ಅಂತ ಇಬ್ಬರಿಗೂ ಗೊತ್ತು, ಬಿಡು. ಆ ರವಿವರ್ಮ ಚಿತ್ರಕ್ಕೆ ಹೋದ ಹದಿನೆಂಟು ಸಾವಿರದ ಸುದ್ದಿಯನ್ನೂ ಎತ್ತುವುದಿಲ್ಲ. ಆದರೆ ಕೊನೆಯಲ್ಲಿ ನೀನು ಒಂದು ಮಾತು ಹೇಳಿದೆ. "ನಾನು ಮುಟ್ಟಿದ್ದು ಹಾಳಾಗುತ್ತೆ ಅಂತ ನಿಮಗೆ ಮೊದಲಿಂದ್ಲೂ ಗೊತ್ತಿತ್ತಲ್ಲ ಅಪ್ಪ." ಈ ಮಾತು ಎಲ್ಲಿಂದ ಬಂತು ಅಂತ ಎರಡು ರಾತ್ರಿ ಯೋಚಿಸಿದೆ. ಮೂರನೇ ದಿನ ಬೀರು ತೆಗೆದು ಬಿದರಿ ಡಬ್ಬಿಯನ್ನು ಹೊರಗಿಟ್ಟೆ. ಈಗಲೂ ಅದು ಮೇಜಿನ ಮೇಲೆ ಎದುರಿಗೇ ಇದೆ.

ನಾವು ಬೀದರ್‌ನಲ್ಲಿದ್ದಾಗ, 1996ರಲ್ಲಿ, ಅದನ್ನು ಗುಜರಿ ಅಂಗಡಿಯಲ್ಲಿ ಮುನ್ನೂರೈವತ್ತು ರೂಪಾಯಿಗೆ ತಂದಿದ್ದೆ. ಎಲೆ ಅಡಿಕೆ ಡಬ್ಬಿ. ಒಳಗೆ ಸುಣ್ಣಕ್ಕೆ, ಅಡಿಕೆಗೆ ಬೇರೆ ಬೇರೆ ಬಟ್ಟಲು. ಮುಚ್ಚಳದ ಮೇಲೆ ಬೆಳ್ಳಿಯ ಬಳ್ಳಿ. ನಾನು ಆಗ ಸಂಗ್ರಹಕ್ಕೆ ಹೊಸಬ. ಹಳೆಯದು ಅಂದರೆ ತಿಕ್ಕಿ ತೊಳೆದು ಫಳಫಳ ಮಾಡಬೇಕು ಅಂತಷ್ಟೇ ಗೊತ್ತಿತ್ತು. ಕಪ್ಪೆಲ್ಲ ಕೊಳೆ ಅಂದುಕೊಂಡೆ. ನಿನಗೆ ಎಂಟು ವರ್ಷ. ಹಿತ್ತಲಿನ ಕಲ್ಲಿನ ಮೇಲೆ ಕೂರಿಸಿ, ಹುಣಸೆಹಣ್ಣು, ತೆಂಗಿನ ನಾರು ಕೊಟ್ಟು, "ಚೆನ್ನಾಗಿ ಉಜ್ಜು ಪುಟ್ಟಿ, ಬೆಳ್ಳಗಾಗಬೇಕು" ಅಂದೆ. ನೀನು ಮಧ್ಯಾಹ್ನವೆಲ್ಲ ಉಜ್ಜಿದೆ. ನಡುವೆ ಎರಡು ಸಲ ಬಂದು ನೋಡಿ, "ಇನ್ನೂ ಇದೆ, ಇನ್ನೂ ಉಜ್ಜು" ಅಂದವನು ನಾನೇ. ಉಗುರಿನ ಸಂದಿಯೆಲ್ಲ ಕಪ್ಪಾಗಿತ್ತು ನಿನಗೆ.

ಬಿದರಿಯ ಮೈ ಬಹುಪಾಲು ಸತು, ಜೊತೆಗೆ ಸ್ವಲ್ಪ ತಾಮ್ರ. ಚಿತ್ತಾರ ಕೊರೆದು, ಬೆಳ್ಳಿ ತಂತಿ ಬಡಿದು ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಅನ್ನೋ ಲವಣ ಸೇರಿಸಿ ಕಾಯಿಸಿದ ನೀರಲ್ಲಿ ಅದ್ದುತ್ತಾರೆ. ಮೈ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗೇ ಉಳಿಯುತ್ತದೆ. ಆ ಕಪ್ಪಿಲ್ಲದಿದ್ದರೆ ಚಿತ್ತಾರವೇ ಕಾಣುವುದಿಲ್ಲ. ಹುಣಸೆ ಹುಳಿ ಸತುವನ್ನು ತಿನ್ನುತ್ತದೆ. ಇದೆಲ್ಲ ನನಗೆ ಗೊತ್ತಾಗಿದ್ದು ಮುಂದಿನ ಭಾನುವಾರ, ಊರಿನ ಚೌಬಾರ ಗೋಪುರದ ಹತ್ತಿರ, ಒಬ್ಬ ವಯಸ್ಸಾದ ಬಿದರಿ ಕುಶಲಕರ್ಮಿಗೆ ಹೆಮ್ಮೆಯಿಂದ ತೋರಿಸಲು ಹೋದಾಗ. ಅವರು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಬೂದಿ ಬಣ್ಣಕ್ಕೆ ತಿರುಗಿತ್ತು. "ಇದನ್ನ ತೊಳೆದಿದ್ದು ಯಾರು?" ಅಂತ ಕೇಳಿದರು.

ನಾನು ನಿನ್ನ ಕಡೆ ನೋಡಿ, "ಮಗು, ಗೊತ್ತಾಗದೆ ಉಜ್ಜಿಬಿಟ್ಟಿದೆ" ಅಂದೆ.

ನೀನು ಅಲ್ಲೇ ನಿಂತಿದ್ದೆ. ಒಂದು ಮಾತೂ ಆಡಲಿಲ್ಲ.

ಅವತ್ತೇ ದಾರಿಯಲ್ಲಿ ನಿನಗೆ ಹೇಳಬಹುದಿತ್ತು. ಹೇಳಲಿಲ್ಲ. ಆಮೇಲೂ ಮನೆಗೆ ಬಂದವರು ಡಬ್ಬಿ ಯಾಕೆ ಹೀಗಾಗಿದೆ ಅಂದರೆ ಅದೇ ಉತ್ತರ ಕೊಟ್ಟೆ. ನಿನ್ನ ಅಜ್ಜನಿಗೆ, ಆಫೀಸಿನವರಿಗೆ, ಎಷ್ಟು ಜನಕ್ಕೆ ಹೇಳಿದ್ದೇನೋ. ಹೇಳಿ ಹೇಳಿ ನನಗೇ ಅದು ನಿಜ ಅನ್ನಿಸತೊಡಗಿತ್ತು. ನಿನಗೆ ಇದೆಲ್ಲ ನೆನಪಿದೆಯೋ ಇಲ್ಲವೋ ಗೊತ್ತಿಲ್ಲ. ನನಗೆ ನೆನಪಿರುವುದು ಇನ್ನೊಂದು. ಆ ವರ್ಷದಿಂದ ನನ್ನ ಸಾಮಾನಿನ ಕಪಾಟಿನ ಮುಂದೆ ನೀನು ಎರಡೂ ಕೈ ಹಿಂದೆ ಕಟ್ಟಿಕೊಂಡೇ ನಿಲ್ಲುತ್ತಿದ್ದೆ. ಮಗಳಿಗೆ ಎಷ್ಟು ಶಿಸ್ತು ಅಂತ ಬೇರೆಯವರ ಹತ್ತಿರ ಹೊಗಳಿದ್ದೇನೆ ನಾನು.

ಇರಲಿ. ಮುಂದಿನದು ಹೇಳುತ್ತೇನೆ.

ಆ ರವಿವರ್ಮ ಚಿತ್ರದ ವಿಷಯದಲ್ಲಿ ಒಂದು ಮಾತನ್ನು ಫೋನಿನಲ್ಲಿ ಹೇಳಬೇಕಿತ್ತು, ರೇಗಾಟದಲ್ಲಿ ಬಿಟ್ಟುಹೋಯಿತು. ಮೋಸ ಆಗಿದ್ದನ್ನು ಕಂಡುಹಿಡಿದದ್ದು ನೀನೇ. ಯಾರೂ ಹೇಳಿಕೊಡದೆ ಫ್ರೇಮ್ ಬಿಚ್ಚಿ ನೋಡಿದ್ದೀಯ. ಹಳೇ ತೇಗದ ಫ್ರೇಮು, ಒಳಗೆ ಹೊಸ ಕಾಗದ. ನಾನು 1818ರ ಕಂಪನಿ ನಾಣ್ಯ ಅಂತ, ರಾಮನ ಪಟ್ಟಾಭಿಷೇಕ ಇರೋದನ್ನ ಕೊಂಡು, ನಾಲ್ಕು ವರ್ಷ ದೇವರ ಮನೆಯಲ್ಲಿಟ್ಟಿದ್ದೆ. ಈಸ್ಟ್ ಇಂಡಿಯಾ ಕಂಪನಿ ಅಂಥ ನಾಣ್ಯ ಹಾಕಿಸಿಯೇ ಇರಲಿಲ್ಲ. ನೀನು ಒಂದೇ ವಾರದಲ್ಲಿ ಪತ್ತೆ ಮಾಡಿದ್ದೀಯ. ನನಗೆ ನಿಜವಾಗಲೂ ಹೆಮ್ಮೆ ಆಯಿತು. ಬಾಯಲ್ಲಿ ಬಂದದ್ದು ಮಾತ್ರ "ನನ್ನನ್ನ ಒಂದು ಮಾತು ಕೇಳಬೇಕಿತ್ತು" ಅಂತ.

ಆದರೂ ಕೇಳು. ನೂರೈವತ್ತು ವರ್ಷದ ಪ್ರಿಂಟ್ ಅಂತ ಅಂಗಡಿಯವನು ಅಂದಾಗಲೇ ಲೆಕ್ಕ ಹಾಕಬೇಕು. ರವಿವರ್ಮ ಪ್ರೆಸ್ ಮುಂಬೈಯಲ್ಲಿ ಶುರುವಾಗಿದ್ದೇ 1894ರಲ್ಲಿ. ಆಮೇಲೆ ಲೋಣಾವಳಾ ಹತ್ತಿರದ ಮಳವಲಿಗೆ ಹೋಯಿತು. ಅವು ಕಲ್ಲಚ್ಚಿನ ಚಿತ್ರಗಳು, ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಭೂತಗನ್ನಡಿ ಹಿಡಿದರೆ ಚುಕ್ಕಿಗಳು ಸಣ್ಣದು ದೊಡ್ಡದು ಸೇರಿ ಚೆಲ್ಲಾಪಿಲ್ಲಿ ಕಾಣುತ್ತವೆ. ಒಂದೇ ಅಂತರದಲ್ಲಿ ಸಾಲು ಹಿಡಿದು ಕೂತಿದ್ದರೆ ಅದು ಈಗಿನ ಆಫ್‌ಸೆಟ್. ದುಡ್ಡು ಕೊಡುವ ಮುಂಚೆ ಗಾಜಿನಿಂದ ಹೊರಗೆ ತೆಗೆಸಿ ನೋಡು. ತೆಗೆಯುವುದಿಲ್ಲ ಅಂದರೆ ಎದ್ದು ಬಾ. ಬಿಲ್ ಬರೆಸು. ಸಂಜೆ ಹೊತ್ತು, ಟ್ಯೂಬ್‌ಲೈಟ್ ಬೆಳಕಲ್ಲಿ ಕೊಳ್ಳಬೇಡ. ಊಟ ಮಾಡದೆ ಹೋಗಬೇಡ, ಹಸಿದಿದ್ದಾಗ ಮನಸ್ಸು ಬೇಗ ಒಪ್ಪಿಬಿಡುತ್ತದೆ. ನೋಡು, ಪಾಠ ಮಾಡಬಾರದು ಅಂತಲೇ ಕೂತಿದ್ದೆ.

ಕಾರೈಕುಡಿಗೆ ಹೋಗು. ಮುನೀಶ್ವರನ್ ಕೋವಿಲ್ ಬೀದಿಯಲ್ಲಿ ಚೆಟ್ಟಿಯಾರರ ದೊಡ್ಡ ಮನೆಗಳಿಂದ ಬಂದ ಎನಾಮೆಲ್ ಪಾತ್ರೆಗಳು ಸಿಗುತ್ತವೆ. ಸ್ವೀಡನ್ನಿನವು, ಜಪಾನಿನವು. ತಳ ತಿರುಗಿಸಿದರೆ ಮುದ್ರೆ ಇರುತ್ತದೆ. ಹೊಸಬರಿಗೆ ಅದು ಒಳ್ಳೆಯ ಪಾಠಶಾಲೆ. ತಪ್ಪಿದರೂ ಸಣ್ಣ ದುಡ್ಡು.

ನನಗೆ ಭಯ ಇರುವುದು ನೀನು ಅಡ್ವಾನ್ಸ್ ಕೊಟ್ಟಿರುವ ಆ ಕಂಚಿನ ವಿಗ್ರಹದ ಬಗ್ಗೆ. ಮುನ್ನೂರು ವರ್ಷದ್ದು, ಬಿಲ್ ಕೊಡಲ್ಲ ಅಂದನಂತೆ ಮಾರುವವನು. ಅವನು ಹೇಳಿದ್ದು ಸುಳ್ಳಾದರೆ ದುಡ್ಡು ಹೋಯಿತು, ಅಷ್ಟೇ. ನಿಜವಾದರೆ? ಯಾವುದೋ ಊರಿನ ಗುಡಿಯಲ್ಲಿ ಪೀಠ ಖಾಲಿ ಇರಬಹುದು ಸುಮಾ. ತಮಿಳುನಾಡಿನ ಶ್ರೀಪುರಂದಾನ್ ಗುಡಿಯ ನಟರಾಜನಿಗೆ ಹಾಗೇ ಆಯಿತು. ಸುಳ್ಳು ಕಾಗದಪತ್ರ ನಂಬಿ ಆಸ್ಟ್ರೇಲಿಯಾದ ನ್ಯಾಷನಲ್ ಗ್ಯಾಲರಿಯವರು 2008ರಲ್ಲಿ ಕೊಂಡಿದ್ದರು. 2014ರಲ್ಲಿ ವಾಪಸ್ ಕೊಟ್ಟರು. ಅಷ್ಟು ದೊಡ್ಡವರೇ ಎಡವಿದ ಜಾಗ ಅದು. ನೂರು ವರ್ಷ ದಾಟಿದ ವಿಗ್ರಹ ನಮ್ಮಲ್ಲಿದ್ದರೆ 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ಅದನ್ನು ನೋಂದಾಯಿಸಬೇಕು. ಬಿಲ್ಲೇ ಕೊಡದವನ ವಸ್ತು ಎಲ್ಲಿಂದ ಬಂತು ಅಂದರೆ ಏನಂತ ಬರೆಸುತ್ತೀಯ? ಕೊಟ್ಟ ಅಡ್ವಾನ್ಸ್ ಹೋದರೆ ಹೋಗಲಿ, ನಾನು ಕೊಡುತ್ತೇನೆ. ಇದೊಂದರಲ್ಲಿ ಮಾತ್ರ ನನ್ನ ಮಾತು ಕೇಳು.

ಮತ್ತೆ ಡಬ್ಬಿಯ ಹತ್ತಿರವೇ ಬರುತ್ತಿದ್ದೇನೆ. ಆ ಕುಶಲಕರ್ಮಿ ಅವತ್ತು, ಬೇಕಾದರೆ ಮತ್ತೆ ಕಪ್ಪು ಮಾಡಿಕೊಡುತ್ತೇನೆ ಅಂದಿದ್ದರು. ನಾನೇ ಬೇಡ ಅಂದೆ, ಹಳೆಯ ಕಪ್ಪು ಬರುವುದಿಲ್ಲ ಅನ್ನೋ ಸಿಟ್ಟಿಗೆ. ನಿನ್ನ ಮೇಲೂ ಸಿಟ್ಟಿತ್ತು ಅಂತ ಈಗ ಅನ್ನಿಸುತ್ತದೆ. ಎಂಟು ವರ್ಷದ ಮಗುವಿನ ಮೇಲೆ, ನಾನು ಹೇಳಿದ್ದನ್ನೇ ಮಾಡಿದ್ದಕ್ಕೆ. ಕ್ಷಮಿಸು.

ನನ್ನ ಪ್ರತಿ ಸಾಮಾನಿಗೂ ಒಂದು ಚೀಟಿ ಇರುವುದು ನಿನಗೆ ಗೊತ್ತಲ್ವಾ? ಎಲ್ಲಿ ಕೊಂಡದ್ದು, ಎಷ್ಟು ಕೊಟ್ಟದ್ದು, ಏನು ರಿಪೇರಿ ಆಗಿದೆ, ಎಲ್ಲ. ಈ ಡಬ್ಬಿಗೆ ಮಾತ್ರ ಇಷ್ಟು ವರ್ಷ ಚೀಟಿ ಇರಲಿಲ್ಲ. ನಿನ್ನೆ ಬರೆದು ಒಳಗಿಟ್ಟೆ. "ಬಿದರಿ ಎಲೆ ಅಡಿಕೆ ಡಬ್ಬಿ. ಬೀದರ್, 1996. ರೂ. 350. ಕಪ್ಪು ಹೋಗಿದೆ. ಹುಣಸೆಹಣ್ಣಿನಲ್ಲಿ ಉಜ್ಜಲು ಹೇಳಿದ್ದು ನಾನು." ಕೆಳಗೆ ಸಹಿ ಹಾಕಿದ್ದೇನೆ.

ಪಕ್ಕದ ಮನೆಯ ಹುಡುಗ ಗುರುವಾರ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಬರುತ್ತಿದ್ದಾನೆ. ಡಬ್ಬಿ, ನನ್ನ ಭೂತಗನ್ನಡಿ, ಈ ಪತ್ರ ಮೂರನ್ನೂ ಅವನ ಕೈಲಿ ಕಳಿಸುತ್ತೇನೆ. ಅಮ್ಮ ಚಟ್ನಿಪುಡಿಯನ್ನೂ ಇಟ್ಟಿದ್ದಾಳೆ. ಬಿದರಿ ಬಿದ್ದರೆ ಒಡೆಯುತ್ತದೆ, ಅದಕ್ಕೇ ಅಮ್ಮನ ಹಳೇ ಕಾಟನ್ ಸೀರೆಯಲ್ಲಿ ಸುತ್ತಿದ್ದೇನೆ. ಅವನು ಬೆಳಿಗ್ಗೆ ಐದೂವರೆಗೆ ಮೆಜೆಸ್ಟಿಕ್‌ನಲ್ಲಿ ಇಳಿಯುತ್ತಾನೆ. ಬೇರೆ ಯಾರನ್ನೂ ಕಳಿಸಬೇಡ, ನೀನೇ ಹೋಗಿ ಕೈಯಾರೆ ಎತ್ತಿಕೊ.

ನಿನ್ನ
ಅಪ್ಪ