ಶನಿವಾರದ ಪಾಟ್‌ಲಕ್, ದಯವಿಟ್ಟು ಪೂರ್ತಿ ಓದಿ

ಎಲ್ರಿಗೂ ನಮಸ್ಕಾರ, ನಮ್ಮ ಡೆಮಾಕ್ರಟಿಕ್ ಕ್ಲಬ್ (ಅಮೆರಿಕದ ಡೆಮಾಕ್ರಟಿಕ್ ಪಕ್ಷದ ಬೆಂಬಲಿಗರ ಸಂಘ) ಈ ಶನಿವಾರ ಮಧ್ಯಾಹ್ನ 12ಕ್ಕೆ ಸನಿವೇಲ್ ಓರ್ಟೆಗಾ ಪಾರ್ಕಲ್ಲಿ ಪಾಟ್‌ಲಕ್ (ಎಲ್ರೂ ಮನೆಯಿಂದ ಅಡುಗೆ ತಂದು ಹಂಚ್ಕೊಂಡು ತಿನ್ನೋ ಊಟ) ಇಟ್ಕೊಂಡಿದೆ, ಸೇರೋ ದುಡ್ಡೆಲ್ಲ ಇಲ್ಲದವರಿಗೆ ಆಹಾರ ಹಂಚೋ ಸೆಕೆಂಡ್ ಹಾರ್ವೆಸ್ಟ್ ಫುಡ್ ಬ್ಯಾಂಕಿಗೆ. ವೀಸಾದಲ್ಲಿರೋರು ಇಲ್ಲಿ ಎಲೆಕ್ಷನ್ ಫಂಡಿಗೆ ದುಡ್ಡು ಕೊಡೋ ಹಾಗಿಲ್ಲ ಅಂತ ಎಷ್ಟೋ ಜನ ಹಿಂದೇಟು ಹಾಕ್ತಿದೀರಿ, ಅದು ಸರೀನೇ, ಆದ್ರೆ ಇದು ಎಲೆಕ್ಷನ್ ಫಂಡ್ ಅಲ್ಲ, ಚೆಕ್ ನೇರ ಫುಡ್ ಬ್ಯಾಂಕ್ ಹೆಸರಿಗೇ ಬರೀರಿ, ಧೈರ್ಯವಾಗಿ ಬನ್ನಿ, ಊರಿಂದ ಬಂದಿರೋ ಅಪ್ಪ ಅಮ್ಮನ್ನೂ ಕರ್ಕೊಂಡು ಬನ್ನಿ.

ಅಡುಗೆ ಡಬ್ಬಿ ಮೇಲೆ ಏನೇನು ಹಾಕಿದೀರಿ ಅಂತ ಚೀಟಿ ಅಂಟಿಸ್ಲೇಬೇಕು. ಚಿತ್ರಾನ್ನದ ಕಡ್ಲೆಬೀಜ, ಬಿಸಿಬೇಳೆಬಾತಿನ ಗೋಡಂಬಿ, ಪುಳಿಯೋಗರೆಯ ಎಳ್ಳು ನಮಗೆ ಮಾಮೂಲು, ಆದ್ರೆ ಅಲರ್ಜಿ ಇರೋ ಮಕ್ಕಳ ಜೀವಕ್ಕೇ ಕುತ್ತು. ಉಳಿದ ಅಡುಗೆ ಫುಡ್ ಬ್ಯಾಂಕಿಗೆ ಕೊಡಕ್ಕಾಗಲ್ಲ, ಮನೆಗೊಯ್ಯೋಕೆ ಖಾಲಿ ಡಬ್ಬಿ ತನ್ನಿ.