ಈ ಹಂಗಾಮಿನ ದ್ರೌಪದಿ

ಮೆಲ್ಬರ್ನ್‌ನಲ್ಲಿರುವ ನಮ್ಮ ಸಂಘದ ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಊರಲ್ಲಿ ಸಿರುಗುಪ್ಪ, ಗಂಗಾವತಿ, ಸಿಂಧನೂರು ಕಡೆ ಭತ್ತದ ಕೊಯ್ಲು ಮುಗಿದಿರುತ್ತದೆ. ತುಂಗಭದ್ರಾ ಕಾಲುವೆಯ ರೈತರ ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿರುತ್ತದೆ. ಕೊಪ್ಪಳದ ಗವಿಸಿದ್ಧೇಶ್ವರನ ತೇರು, ಮೈಲಾರದ ಕಾರಣಿಕ, ಕೊಟ್ಟೂರಿನ ತೇರು, ಆಮೇಲೆ ಉಗಾದಿ. ನಡುನಡುವೆ ಲೆಕ್ಕಕ್ಕೇ ಸಿಗದಷ್ಟು ಸಣ್ಣ ಊರುಗಳ ಜಾತ್ರೆಗಳು. ನಮ್ಮ ಕಡೆ ನಾಟಕದ ಹಂಗಾಮು ಅಂದರೆ ಇದೇ.

ಈ ಸಲ ಬಳ್ಳಾರಿಯ ಒಬ್ಬ ನಟಿಯ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಕೇಳಿದ್ದಕ್ಕೆ ಅವರು "ಹೆಸರು ಹ್ಯಾಂಡ್‌ಬಿಲ್ಲಿನಾಗ ಬಂದ್ರೆ ಸಾಕ್ರಿ ಅಣ್ಣಾರ, ಪೇಪರ್‌ನಾಗ ಬಂದ್ರೆ ಊರಾಗಿನ ಮಂದಿ ಸಾಲ ಕೇಳ್ತಾರ" ಎಂದು ನಕ್ಕರು. ವಯಸ್ಸು ನಲವತ್ತೈದರ ಆಸುಪಾಸು. ಹದಿನೈದು ತುಂಬುವ ಮೊದಲೇ ಬಣ್ಣ ಹಚ್ಚಿದವರು. ಕಲಿತದ್ದು ಮರಿಯಮ್ಮನಹಳ್ಳಿಯಲ್ಲಿ. ಈಗ ಅದು ವಿಜಯನಗರ ಜಿಲ್ಲೆಗೆ ಸೇರಿದೆ. ಆದರೆ 2021ಕ್ಕೆ ಮೊದಲು ಊರು ಬಿಟ್ಟು ಬಂದ ನಮ್ಮಂಥವರ ಬಾಯಲ್ಲಿ ಅದು ಇನ್ನೂ ಬಳ್ಳಾರಿ ಜಿಲ್ಲೆಯೇ. ಹೆಣ್ಣು ಪಾರ್ಟು ಮಾಡುವವರು ಬೇಕೆಂದರೆ ಸುತ್ತಲಿನ ಹಳ್ಳಿಯವರು ಮೊದಲು ಕೇಳಿಕೊಂಡು ಹೋಗುವ ಊರುಗಳಲ್ಲಿ ಅದೂ ಒಂದು. ಪದ್ಮಶ್ರೀ ಪಡೆದ ಜನಪದ ಕಲಾವಿದೆ ಮಂಜಮ್ಮ ಜೋಗತಿಯವರ ಹೆಸರಿನ ಜೊತೆ ಇವತ್ತು ದೇಶವೆಲ್ಲ ಹೇಳುವ ಊರೂ ಅದೇ.

ಹಳ್ಳಿ ನಾಟಕ ನಡೆಯುವ ಬಗೆ ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಗೊತ್ತಿಲ್ಲ. ದೊಡ್ಡವರಲ್ಲೂ ಬೆಂಗಳೂರು, ಮೈಸೂರಿನ ಕಡೆಯಿಂದ ಬಂದವರಿಗೆ ಅಷ್ಟಾಗಿ ಗೊತ್ತಿರಲಾರದು. ಅದನ್ನು ಸ್ವಲ್ಪ ಹೇಳಿಬಿಡುತ್ತೇನೆ. ಗಂಡು ಪಾರ್ಟು ಮಾಡುವವರೆಲ್ಲ ಆ ಊರಿನವರೇ. ಟ್ರ್ಯಾಕ್ಟರ್ ಓಡಿಸುವವರು, ಗೊಬ್ಬರದ ಅಂಗಡಿಯವರು, ಪಂಚಾಯ್ತಿ ಮೆಂಬರು. ಅವರು ದುಡ್ಡು ತಗೊಂಡು ಪಾರ್ಟು ಮಾಡುವುದಿಲ್ಲ, ದುಡ್ಡು ಕೊಟ್ಟು ಮಾಡುತ್ತಾರೆ. ಸೀನ್ಸಿನ (ರಂಗದ ಪರದೆಗಳ) ಬಾಡಿಗೆ, ಹಾರ್ಮೋನಿಯಂ ಮಾಸ್ತರ ಸಂಬಳ, ಮೈಕು, ಲೈಟು, ಪೆಂಡಾಲು ಎಲ್ಲಕ್ಕೂ ಪಟ್ಟಿ ಹಾಕಿ ತಮ್ಮತಮ್ಮಲ್ಲೇ ದುಡ್ಡು ಕೂಡಿಸುತ್ತಾರೆ. ದೊಡ್ಡ ಪಾರ್ಟು ಬೇಕೆನ್ನುವವರ ಪಾಲೂ ದೊಡ್ಡದು. ಮಾಸ್ತರು ಒಂದೆರಡು ತಿಂಗಳು ಊರಲ್ಲೇ ಇದ್ದು ರಾತ್ರಿ ಊಟವಾದ ಮೇಲೆ ಗುಡಿಯಲ್ಲೋ ಶಾಲೆಯಲ್ಲೋ ತಾಲೀಮು ಕೊಡುತ್ತಾರೆ. ದುಡ್ಡಿಗಾಗಿ ಹೊರಗಿನಿಂದ ಬರುವವರು ಇಬ್ಬರೋ ಮೂವರೋ ಹೆಣ್ಣುಮಕ್ಕಳು. ಅಂದರೆ ಅಷ್ಟು ಮಂದಿ ಓಡಾಡುವ ರಂಗದ ಮೇಲೆ ನಟನೆಯಿಂದಲೇ ಹೊಟ್ಟೆ ಹೊರೆಯುವವರು ಅವರಷ್ಟೇ.

ಅವರಿಗೆ ತಾಲೀಮು ಎಂಬುದು ಇರುವುದೇ ಕಮ್ಮಿ. ಹಿಂದಿನ ದಿನ ಒಂದು ಸಲ ಕೂತು ಮಾತು ಒಪ್ಪಿಸಿಕೊಂಡರೆ ಪುಣ್ಯ. ಎಷ್ಟೋ ಸಲ ನಾಟಕದ ದಿನ ಸಂಜೆಯ ಬಸ್ಸಿಗೆ ಬಂದು ಇಳಿಯುತ್ತಾರೆ. ಸೀರೆ, ಒಡವೆ, ಸವರ, ಬಣ್ಣದ ಡಬ್ಬಿ ಎಲ್ಲ ತಮ್ಮದೇ. ಗಂಡನ ಪಾತ್ರ ಮಾಡುವವನ ಮುಖ ಮೊದಲು ನೋಡುವುದು ಬಣ್ಣದ ಮನೆಯಲ್ಲಿ! ನಾಳೆ ಇನ್ನೊಂದು ಊರು, ಅದೇ ನಾಟಕ, ಬೇರೆ ಗಂಡ. ಈತ ಮಾತು ನುಂಗುತ್ತಾನೆ, ಆತ ಇಲ್ಲದ ಮಾತು ಸೇರಿಸುತ್ತಾನೆ, ಮತ್ತೊಬ್ಬನಿಗೆ ಮೈಕಿನ ಮುಂದೆ ನಿಂತ ಕೂಡಲೇ ಎಲ್ಲ ಮರೆತುಹೋಗುತ್ತದೆ. ಆಗ ಸೈಡ್‌ವಿಂಗಿನಲ್ಲಿ ಪುಸ್ತಕ ಹಿಡಿದು ನಿಂತವನಿಗಿಂತ ಮೊದಲು ನಮ್ಮ ನಟಿ ಸೆರಗು ಬಾಯಿಗೆ ಹಿಡಿದು ಅಳುವ ಹಾಗೆ ಮಾಡಿ, ಮುಂದಿನ ಮಾತನ್ನು ಅವನ ಕಿವಿಗೆ ಹಾಕುತ್ತಾರೆ. ಜನ ಅವನಿಗೆ ಶಿಳ್ಳೆ ಹೊಡೆಯುತ್ತಾರೆ. "ಅವ್ರ ಊರು, ಅವ್ರ ನಾಟಕ. ಅವ್ರು ಮೆರೀಲಿ ಬಿಡ್ರಿ, ನನ್ನ ಪೇಮೆಂಟ್ ಮುರೀದಿದ್ರೆ ಸಾಕು" ಎನ್ನುತ್ತಾರೆ ನಮ್ಮ ನಟಿ. ನನ್ನನ್ನು ಕೇಳಿದರೆ ನಟನೆಯಲ್ಲಿ ಇದಕ್ಕಿಂತ ಕಷ್ಟದ ಕೆಲಸ ಇಲ್ಲ. ಇದಕ್ಕೆ ಯಾವ ಪ್ರಶಸ್ತಿಯೂ ಇಲ್ಲ.

ಈ ಹಂಗಾಮಿನಲ್ಲಿ ಅವರು ಮಾಡಲಿರುವ ಪಾತ್ರಗಳ ಬಗ್ಗೆ ಕೇಳಿದೆ. ಮೊದಲನೆಯದು ಕಂದಗಲ್ ಹನುಮಂತರಾಯರ 'ರಕ್ತರಾತ್ರಿ'ಯ ದ್ರೌಪದಿ. ಸಿರುಗುಪ್ಪ ಕಡೆಯ ಒಂದು ಹಳ್ಳಿಯಲ್ಲಿ. ಕುರುಕ್ಷೇತ್ರ ಮುಗಿದ ಮೇಲೆ ಅಶ್ವತ್ಥಾಮ ರಾತ್ರಿ ಪಾಳೆಯಕ್ಕೆ ನುಗ್ಗಿ ದ್ರೌಪದಿಯ ಐದೂ ಮಕ್ಕಳನ್ನು ಕೊಲ್ಲುವ ಕಥೆ. ಉತ್ತರ ಕರ್ನಾಟಕದ ಹಳ್ಳಿಗಳು ಈ ನಾಟಕವನ್ನು ಎಷ್ಟು ಆಡಿವೆ ಎಂದರೆ ಮುಂದಿನ ಸಾಲಿನಲ್ಲಿ ಕೂತ ಅಜ್ಜಂದಿರಿಗೆ ಮಾತೆಲ್ಲ ಬಾಯಿಪಾಠ. ತಪ್ಪಿದರೆ ಅಲ್ಲಿಂದಲೇ ತಿದ್ದುತ್ತಾರೆ. ಬಳ್ಳಾರಿಯಲ್ಲಿ ದ್ರೌಪದಿ ಮಾಡುವವರಿಗೆ ಇನ್ನೊಂದು ಭಾರವೂ ಇದೆ. 2020ರಲ್ಲಿ ತೀರಿಹೋದ ರಂಗನಟಿ ಸುಭದ್ರಮ್ಮ ಮನ್ಸೂರರ ಕಂಠ ಇನ್ನೂ ಊರಿನ ಕಿವಿಯಲ್ಲಿದೆ. ಕಂದಪದ್ಯ ಎತ್ತಿಕೊಂಡ ಕೂಡಲೇ ಜನ ಹೋಲಿಸಲು ಶುರು ಮಾಡುತ್ತಾರೆ. ನಮ್ಮ ನಟಿ ಆ ದನಿಯನ್ನು ಅನುಕರಿಸುವ ಗೋಜಿಗೇ ಹೋಗುವುದಿಲ್ಲವಂತೆ. ಹಾರ್ಮೋನಿಯಂನ ಒಂದು ಮನೆಯಷ್ಟು ಶ್ರುತಿ ಇಳಿಸಿ ಹಾಡುತ್ತಾರೆ, ಅಳುವ ಕಡೆ ಹಾಡುವುದನ್ನೇ ನಿಲ್ಲಿಸಿ ಬರೀ ಮಾತಾಡುತ್ತಾರೆ. ಹಾರ್ಮೋನಿಯಂ ಮಾಸ್ತರಿಗೆ ಇದು ಸರಿಹೋಗುವುದಿಲ್ಲ. ಪ್ರತಿ ಊರಲ್ಲೂ ಹೊಸ ಮಾಸ್ತರ ಜೊತೆ ಹೊಸ ಜಗಳ.

ಅಳು ಅಂದಾಗ ಆಯೇರಿಯ ವಿಚಾರ ಹೇಳಲೇಬೇಕು. ನಾಟಕ ಭರ್ತಿ ರಂಗದಲ್ಲಿದ್ದಾಗ ಪಾತ್ರಧಾರಿಗಳ ನೆಂಟರು ಮೇಲೆ ಬಂದು ಬಟ್ಟೆ, ಉಂಗುರ, ನೋಟಿನ ಹಾರ ಹಾಕುತ್ತಾರೆ. ಮೈಕಿನಲ್ಲಿ ಹೆಸರು ಕೂಗಬೇಕು. ಮಕ್ಕಳ ಹೆಣದ ಮುಂದೆ ದ್ರೌಪದಿ ಗೋಳಾಡುತ್ತಿರುವಾಗಲೇ ಭೀಮನ ಅತ್ತೆಯ ಮನೆಯವರು ಟವೆಲ್ಲು ಹೊದಿಸಲು ಬರುತ್ತಾರೆ. ದ್ರೌಪದಿ ಅಳು ನಿಲ್ಲಿಸಿ ಪಕ್ಕಕ್ಕೆ ಸರಿಯುತ್ತಾಳೆ. ಫೋಟೊ ಆಗುತ್ತದೆ. "101 ರೂಪಾಯಿ" ಎಂದು ಮೈಕು ಕೂಗುತ್ತದೆ. ಅವರು ಇಳಿದ ಮೇಲೆ ಅಳು ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಪೇಟೆಯ ನಾಟಕದವರು ಇದನ್ನು ಹೇಳಿಕೊಂಡು ನಗುತ್ತಾರೆ. ನಾನೂ ಸ್ವಲ್ಪ ನಕ್ಕೆ. ಆದರೆ ಆ ಎರಡನೇ ಸಲದ ಅಳುವಿಗೂ ಮುಂದೆ ಕೂತ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರಲ್ಲ, ಅದನ್ನು ಏನೆಂದು ವಿವರಿಸುವುದು?

ಸಾಮಾಜಿಕ ನಾಟಕಗಳು ಈ ವರ್ಷ ಕಡಿಮೆ ಬಂದಿವೆ. ಮೊದಲು ಹೀರೋಯಿನ್, ಆಮೇಲೆ ಅತ್ತಿಗೆ, ಈಗ ತಾಯಿ ಪಾರ್ಟು. ಒಂದು ಊರಲ್ಲಿ ಮಗನಾಗಿ ಬರುವ ಗೌಡರಿಗೆ ಇವರಿಗಿಂತ ಹತ್ತು ವರ್ಷ ಜಾಸ್ತಿ ವಯಸ್ಸು. "ಮಗನೇ ಅಂತ ತಲಿ ಸವರೋದಕ್ಕೆ ಹೋದ್ರೆ ಕೈಗೆ ಕಪ್ಪು ಬಣ್ಣ ಹತ್ತತೈತಿ" ಎಂದರು. ಹೀರೋಯಿನ್‌ಗೆ ಕೊಡುವ ದುಡ್ಡು ತಾಯಿಗೆ ಕೊಡುವುದಿಲ್ಲ. ಎರಡರ್ಥದ ಮಾತಿನ ನಾಟಕಗಳಿಗೆ ಇವರು ಹೋಗುವುದಿಲ್ಲ, ಹಾಗಾಗಿ ಮೊಬೈಲಿಗೆ ಬರುವ ಕರೆಗಳಲ್ಲಿ ಒಂದಿಷ್ಟು ಅಲ್ಲೇ ಕಟ್ ಆಗುತ್ತವೆ.

ನನಗೆ ಕುತೂಹಲ ಹುಟ್ಟಿಸಿದ್ದು ಮೂರನೇ ಪಾತ್ರ. ಬಳ್ಳಾರಿ ಪೇಟೆಯ ಒಂದು ಹವ್ಯಾಸಿ ತಂಡ ಹೊಸ ನಾಟಕ ಕಟ್ಟುತ್ತಿದೆ. ಸಂಡೂರಿನಿಂದ ಅದಿರು ಲಾರಿಗಳು ಓಡಾಡುವ ರಸ್ತೆ ಬದಿ ಚಹಾದಂಗಡಿ ಇಟ್ಟುಕೊಂಡ ಹೆಂಗಸಿನ ಕಥೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಲಾರಿ ನಿಂತವು. ಆ ಹೆಂಗಸಿಗೆ ಗಣಿ ಇದ್ದಾಗ ಕೆಂಪು ಧೂಳು, ಗಣಿ ನಿಂತಾಗ ಖಾಲಿ ಬೆಂಚು. ಗಣಿಯ ಬಗ್ಗೆ ಸಾಕಷ್ಟು ಭಾಷಣ ಕೇಳಿದ್ದೇವೆ. ಚಹಾದಂಗಡಿಯಿಂದ ಅದನ್ನು ನೋಡಿದ್ದು ನನಗಂತೂ ಹೊಸದು. ಪಾತ್ರಕ್ಕೆ ಮಾತು ಕಮ್ಮಿ. ಬಹಳ ಹೊತ್ತು ಸುಮ್ನೆ ಕೂರಬೇಕು, ಬೆಂಚು ಒರೆಸಬೇಕು. ನಿರ್ದೇಶಕರು "ಜನರನ್ನು ನೋಡಬೇಡಿ, ದನಿ ಇಳಿಸಿ" ಎನ್ನುತ್ತಾರೆ. ಮೂವತ್ತು ವರ್ಷ ಮೈಕಿನ ಕೆಳಗೆ ನಿಂತು, ಕೊನೆಯ ಸಾಲಿನಲ್ಲಿ ಕಂಬಳಿ ಹೊದ್ದು ಮಲಗಿದವನನ್ನೂ ಎಬ್ಬಿಸಿದ ಗಂಟಲು ಅದು. ಮೊದಲ ವಾರ ನಿದ್ದೆಯೇ ಬರಲಿಲ್ಲವಂತೆ. "ಕೈ ಎಲ್ಲಿ ಇಡ್ಬೇಕು ಅನ್ನೋದೇ ತಿಳೀವಲ್ತು" ಎಂದರು. ಈಗ ಒಂದು ತಿಂಗಳಿಂದ ದಿನಾ ಸಂಜೆ ತಾಲೀಮು. ಒಂದೇ ಪಾತ್ರವನ್ನು ಇಷ್ಟು ದಿನ ಕೈಯಲ್ಲಿ ಹಿಡಿದು ನೋಡಿದ್ದು ಇದೇ ಮೊದಲು ಎಂದು ಹೇಳುವಾಗ ಅವರ ದನಿಯಲ್ಲಿ ಬೇರೆಯೇ ಖುಷಿ ಇತ್ತು.

ಆದರೆ ಈ ಒಂದು ತಿಂಗಳಿಗೆ ಅವರಿಗೆ ಸಿಗುವುದು ಆಟೋ ಖರ್ಚು ಮತ್ತು ಕೊನೆಗೊಂದು ಶಾಲು. ಆ ತಂಡದವರನ್ನು ಬೈಯಲಾರೆ. ಅವರೆಲ್ಲ ಮೇಷ್ಟ್ರು, ಬ್ಯಾಂಕಿನವರು, ಕೈಯಿಂದ ಹಾಕಿ ನಾಟಕ ಮಾಡುವವರು. ಬಳ್ಳಾರಿಗೆ ಈ ದಾರಿ ಹಾಕಿಕೊಟ್ಟವರೇ ದೊಡ್ಡವರು. ಬಳ್ಳಾರಿ ರಾಘವರು ಹಗಲು ವಕೀಲರು, ರಾತ್ರಿ ನಟರು. 1880ರಲ್ಲಿ ತಾಡಪತ್ರಿಯಲ್ಲಿ ಹುಟ್ಟಿ ಬಳ್ಳಾರಿಯಲ್ಲಿ ಬೆಳೆದವರು. ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲೂ ಅಭಿನಯಿಸಿದರು. ಹೆಣ್ಣು ಪಾತ್ರವನ್ನು ಹೆಣ್ಣೇ ಮಾಡಬೇಕು ಎಂದು ಆ ಕಾಲದಲ್ಲೇ ಹಟ ಹಿಡಿದವರು. 1946ರಲ್ಲಿ ತೀರಿಕೊಂಡರು. ಅವರ ಹೆಸರಿನ ಕಲಾಮಂದಿರ ಇವತ್ತಿಗೂ ಊರಲ್ಲಿದೆ. ವಕೀಲಿಕೆಯ ಸಂಪಾದನೆ ಇದ್ದವರಿಗೆ ರಂಗದಿಂದ ದುಡ್ಡು ಬೇಕಾಗಿರಲಿಲ್ಲ, ಅದು ಅವರ ದೊಡ್ಡತನವೂ ಹೌದು. ಆದರೆ ಅದೇ ಪದ್ಧತಿ ಇವತ್ತು ಬಣ್ಣ ಬಿಟ್ಟರೆ ಬೇರೆ ಗತಿ ಇಲ್ಲದ ಹೆಂಗಸಿಗೂ ಅನ್ವಯಿಸಿಬಿಟ್ಟಿದೆ. ಸಂಬಳ ಬರುವವನಿಗೆ ಸಂಜೆಯ ತಾಲೀಮು ಹವ್ಯಾಸ. ನಮ್ಮ ನಟಿಗೆ ಅದು ತಪ್ಪಿಹೋದ ಒಂದು ರಾತ್ರಿಯ ಪೇಮೆಂಟು. ಒಂದೇ ರಂಗದ ಮೇಲೆ ಇಬ್ಬರಿಗೂ ಒಂದೇ ಶಾಲು ಹೊದಿಸಿದರೆ ಅದು ಸಮಾನತೆ ಅಲ್ಲ ಅಲ್ವಾ? ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕಲು 58 ವರ್ಷ ಆಗಬೇಕು. ಅದಕ್ಕಿನ್ನೂ ಬಹಳ ದೂರ ಇದೆ. ಕೊರೊನಾ ಕಾಲದಲ್ಲಿ ಜಾತ್ರೆಗಳೆಲ್ಲ ನಿಂತಾಗ ಇವರು ಖಡಕ್ ರೊಟ್ಟಿ ಬಡಿದು ಮಾರಿದರು. ಈಗಲೂ ಮಳೆಗಾಲದಲ್ಲಿ ಅದೇ ಕೆಲಸ.

ಇನ್ನು ನಮ್ಮ ಸಂಘದ ವಿಚಾರ. ಉಗಾದಿಗೆ ನಾವು ಆಡುವ ನಾಟಕದ ತಾಲೀಮನ್ನು ಅವರು ವಿಡಿಯೋ ಕಾಲ್‌ನಲ್ಲಿ ಎರಡು ಭಾನುವಾರ ನೋಡಿದರು. ಅಲ್ಲಿ ಮಧ್ಯಾಹ್ನ ಎರಡು, ಇಲ್ಲಿ ಮೆಲ್ಬರ್ನ್‌ನಲ್ಲಿ ಸಂಜೆ ಏಳೂವರೆ. ರಾತ್ರಿ ನಾಟಕ ಮುಗಿಸಿ, ಬೆಳಗಿನ ಬಸ್ಸು ಹಿಡಿದು ಬಂದು, ಆಗಷ್ಟೇ ಎದ್ದಿದ್ದರು. ನಮ್ಮ ಹೀರೋ (ಯಾರೆಂದು ಹೇಳುವುದಿಲ್ಲ, ಎಲ್ಲರಿಗೂ ಗೊತ್ತು) ಹತ್ತು ನಿಮಿಷ ಅಭಿನಯಿಸಿದ ಮೇಲೆ ಅವರು ಕೇಳಿದ್ದು ಒಂದೇ ಮಾತು: "ನೀವು ಆಕಿ ಮಾತು ಕೇಳಿಸ್ಕೊಳ್ಳಾಕತ್ತೀರೋ, ಇಲ್ಲ ನಿಮ್ ಪಾಳಿ ಯಾವಾಗ ಬರ್ತದ ಅಂತ ಕಾಯಾಕತ್ತೀರೋ?" ಮುಂದಿನ ವಾರಕ್ಕೆ ನಾಟಕ ಅರ್ಧ ಸುಧಾರಿಸಿತ್ತು. ರಂಗಗೀತೆಗಳನ್ನೂ ಅವರೇ ಕಲಿಸಲಿ ಎಂದು ಮಕ್ಕಳು ಹಟ ಹಿಡಿದಿದ್ದಾರೆ.

ಸಂಭಾವನೆಯ ಮಾತು ಸಮಿತಿಯಲ್ಲಿ ಬಂದಾಗ ಒಬ್ಬರು "ಅವರಿಗೂ ಫಾರಿನ್ ಪಬ್ಲಿಸಿಟಿ ಸಿಗುತ್ತಲ್ಲ" ಎಂದರು. ಮೆಲ್ಬರ್ನ್‌ನ ಪಬ್ಲಿಸಿಟಿ ಇಟ್ಟುಕೊಂಡು ಸಿರುಗುಪ್ಪದಲ್ಲಿ ಏನು ಮಾಡುವುದು ಎಂದು ನಾನು ಕೇಳಿದೆ. ಅಲ್ಲಿ ಬಸ್ ಕಂಡಕ್ಟರಿಗೂ ಅವರ ದನಿ ಗೊತ್ತು. ಸಿನಿಮಾ ತಾರೆಯೊಬ್ಬರು ಬಂದು ಅರ್ಧ ಗಂಟೆ ಕೈ ಬೀಸಿ ಹೋಗಲು ನಾವು ಹಿಂದೆ ಮುಂದೆ ನೋಡದೆ ಖರ್ಚು ಮಾಡಿದ್ದೇವೆ, ಲೆಕ್ಕಪತ್ರ ನಿಮಗೆಲ್ಲ ಕಳಿಸಿದ್ದೆವು. ಕೊನೆಗೆ ಒಪ್ಪಿಗೆ ಆಗಿದ್ದು ಹೀಗೆ: ಇಲ್ಲಿ ನಮ್ಮ ಮಕ್ಕಳಿಗೆ ತಬಲಾ ಕಲಿಸುವವರಿಗೆ ಗಂಟೆಗೆ ಎಷ್ಟು ಕೊಡುತ್ತೇವೋ ಬಳ್ಳಾರಿಯ ಅವರಿಗೂ ಅಷ್ಟೇ, ರೂಪಾಯಿ ಲೆಕ್ಕಕ್ಕೆ ಇಳಿಸುವಂತಿಲ್ಲ. ಅರ್ಧ ಮುಂಗಡ. ಭಾನುವಾರದ ತರಗತಿಗೆ ಸೇರುವವರು ಕಾರ್ಯದರ್ಶಿಗೆ ತಿಳಿಸಿ. ಜಾತ್ರೆ ಇರುವ ಭಾನುವಾರಗಳಂದು ತರಗತಿ ಇರುವುದಿಲ್ಲ, ಅದನ್ನು ಮೊದಲೇ ಹೇಳಿದ್ದಾರೆ.

ಈ ತಿಂಗಳುಗಳಲ್ಲಿ ಊರಿಗೆ ಹೋಗುವವರಿಗೆ ಒಂದಷ್ಟು ಮಾತು. ನಾಟಕ ಎಲ್ಲಿದೆ ಎಂದು ಇಂಟರ್‌ನೆಟ್ಟಿನಲ್ಲಿ ಹುಡುಕಬೇಡಿ. ಬಸ್ ಸ್ಟ್ಯಾಂಡಿನ ಗೋಡೆ ನೋಡಿ, ಇಲ್ಲವೇ ಸೀನ್ಸ್ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಕೇಳಿ. ಯಾವ ರಾತ್ರಿ ಯಾವ ಊರಿಗೆ ಪರದೆ ಹೋಗಿದೆ ಎಂದು ಅವರಿಗೆ ಗೊತ್ತಿರುತ್ತದೆ. ಹ್ಯಾಂಡ್‌ಬಿಲ್ಲಿನಲ್ಲಿ ರಾತ್ರಿ ಹತ್ತೂವರೆ ಎಂದಿದ್ದರೆ ಹನ್ನೆರಡಕ್ಕೆ ಹೋಗಿ. ಅಲ್ಲಿಯತನಕ ಸನ್ಮಾನ ನಡೆದಿರುತ್ತದೆ. ಸ್ಪೀಕರಿನಿಂದ ದೂರ ಕೂರಿ, ಹೊದಿಯಲು ಏನಾದರೂ ಇರಲಿ. ಆಯೇರಿ ಮಾಡುವ ಮನಸ್ಸಾದರೆ ಅರ್ಜುನನಾದ ನಿಮ್ಮ ಚಿಕ್ಕಪ್ಪನ ಮಗನಿಗೆ ಮಾಡಬೇಡಿ, ಅವನಿಗೆ ಬೇಕಾದಷ್ಟು ನೆಂಟರಿದ್ದಾರೆ. ಹೊರಗಿನಿಂದ ಬಂದ ದ್ರೌಪದಿಗೆ ಅಲ್ಲಿ ಯಾರೂ ನೆಂಟರಿಲ್ಲ. ಅವರ ಕೈಗೆ ಕೊಡಿ. ಮೈಕಿನವನು ನಿಮ್ಮ ಊರನ್ನು "ಮೇಲ್ಬಾರು" ಎಂದು ಕೂಗಿದರೆ ಬೇಜಾರು ಮಾಡಿಕೊಳ್ಳಬೇಡಿ.