ಹರಿದ ಸೀಟ್ ಕವರನ್ನು ಎಸೆಯಬೇಡಿ

ಮಾನ್ಯ ಸಂಪಾದಕರೇ,

ಹಳೆಯ ಬ್ರಿಟಿಷ್ ಬೈಕುಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನವನ್ನು ನಮ್ಮ ಮನೆಯಲ್ಲಿ ಇಬ್ಬರೂ ಓದಿದೆವು. ಎಂಜಿನ್, ಕಾರ್ಬ್ಯುರೇಟರ್, ಕ್ರೋಮ್, ಬಣ್ಣ ಎಲ್ಲದರ ಬಗ್ಗೆಯೂ ಚೆನ್ನಾಗಿ ಬರೆದಿದ್ದಾರೆ. ಸೀಟಿಗೆ ಮಾತ್ರ ಒಂದೇ ಸಾಲು. ಹರಿದಿದ್ದರೆ ಕಿತ್ತು ಹೊಸದು ಹಾಕಿಸಿ ಅಂತ. ಆ ಒಂದು ಸಾಲಿಗಾಗಿಯೇ ಈ ಪತ್ರ ಬರೆಯುತ್ತಿದ್ದೇನೆ. ಕಿತ್ತದ್ದನ್ನು ಏನು ಮಾಡಬೇಕು ಅಂತ ಅದರಲ್ಲಿ ಇಲ್ಲ. ಬಹಳ ಜನ ಕಸಕ್ಕೆ ಹಾಕುತ್ತಾರೆ. ದಯವಿಟ್ಟು ಹಾಕಬೇಡಿ.

ನಾನು ಮೆಕ್ಯಾನಿಕ್ ಅಲ್ಲ. 26 ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದೇನೆ. ಹೊಲಿಯಲು ಕೊಡುವವರು ಜೊತೆಗೆ ಒಂದು ಅಳತೆ ಬ್ಲೌಸ್ ತರುತ್ತಾರಲ್ವಾ, ಹಳೆಯ ಸೀಟ್ ಕವರ್ ಕೂಡ ಹಾಗೆಯೇ. ಎಲ್ಲಿ ತಿರುವು, ಎಲ್ಲಿ ಎಷ್ಟು ಸಡಿಲ, ಅಂಚಿಗೆ ಎಷ್ಟು ಬಟ್ಟೆ ಬಿಟ್ಟಿದ್ದರು ಅನ್ನೋದೆಲ್ಲ ಅದರಲ್ಲೇ ಇರುತ್ತದೆ. ಟೇಪು ಹಿಡಿದರೆ ಅಷ್ಟೆಲ್ಲ ಸಿಗುವುದಿಲ್ಲ.

ನಮ್ಮನೆಯವರ ಹತ್ತಿರ ಒಂದು ಟ್ರಯಂಫ್ ಬಾನ್‌ವಿಲ್ ಟಿ120 ಬೈಕಿದೆ. 650 ಸಿಸಿಯದು, ಇಂಗ್ಲೆಂಡಿನ ಕೊವೆಂಟ್ರಿ ಹತ್ತಿರದ ಮೆರಿಡೆನ್ ಕಾರ್ಖಾನೆಯಲ್ಲಿ ತಯಾರಾದದ್ದು. ಅದರ ಸೀಟು ಮೂತಿಯ ಹತ್ತಿರ, ಅಂದರೆ ಪೆಟ್ರೋಲ್ ಟ್ಯಾಂಕಿನ ಕಡೆಯ ತುದಿಯಲ್ಲಿ, ಸೀಳಿತ್ತು. ಅಲ್ಲಿನ ಹೊಲಿಗೆ ಪೂರ್ತಿ ಬಿಟ್ಟುಹೋಗಿತ್ತು. ಅವರು ಕವರ್ ಕಿತ್ತು ಚಿಂದಿ ಬಟ್ಟೆಗಳ ಜೊತೆ ಹಾಕಿದ್ದರು. ನಾನು ನೋಡಿ ಎತ್ತಿಟ್ಟುಕೊಂಡೆ.

ನಾನೇ ಹೊಲಿಯಬಹುದಿತ್ತಲ್ಲ ಅಂತ ನೀವು ಕೇಳಬಹುದು. ಪಕ್ಕದ ಪಟ್ಟಿಗಳು, ಪೈಪಿಂಗ್ (ಅಂಚಿನುದ್ದಕ್ಕೂ ಬರುವ ದುಂಡನೆಯ ಪಟ್ಟಿ) ಎಲ್ಲ ನನ್ನ ಮಷಿನ್ನಿನಲ್ಲಿ ಆಗುತ್ತದೆ. ಆದರೆ ನಮ್ಮ ಸೀಟಿನ ಮೇಲ್ಭಾಗದಲ್ಲಿ ಅಡ್ಡಡ್ಡ ಉಬ್ಬುಗಳಿವೆ. ನಡುವಿನ ಗೆರೆಗಳು ಹೊಲಿದದ್ದಲ್ಲ, ಬಿಸಿ ಅಚ್ಚಿನಲ್ಲಿ ಒತ್ತಿದ್ದು. ಸೂಜಿಯಿಂದ ಹಾಗೆ ಮಾಡಲು ಹೋದರೆ ಪ್ರತಿ ಗೆರೆಯುದ್ದಕ್ಕೂ ತೂತು. ಮಳೆ ನೀರು ನೇರ ಫೋಮಿಗೆ ಇಳಿಯುತ್ತದೆ. ಹಾಗಾಗಿ ಅಚ್ಚೊತ್ತಿದ ಸಿದ್ಧ ಕವರನ್ನೇ ತರಿಸಬೇಕಾಯಿತು.

ಎಡವಟ್ಟಾದದ್ದು ಅಲ್ಲೇ. ದಾಖಲೆಯಲ್ಲಿ ಮೊದಲ ನೋಂದಣಿ 1971 ಅಂತ ಇತ್ತು. ಇವರು 1971ರ ಕವರ್ ಕೇಳಿದರು. ಮಾರುವವರು ಮರುಮಾತಿಲ್ಲದೆ ಕಳಿಸಿದರು. ಬಂದದ್ದನ್ನು ಎಳೆದು ಎಳೆದು ನಮ್ಮ ಕೈ ನೋವು ಬಂತೇ ಹೊರತು ಕವರ್ ಕೂರಲಿಲ್ಲ. ಕೊನೆಗೆ ನಾನು ಹಳೆಯ ಕವರನ್ನು ನೆಲದ ಮೇಲೆ ಹಾಸಿ, ಅದರ ಮೇಲೆ ಹೊಸದನ್ನು ಇಟ್ಟೆ. ಮೂತಿಯ ಆಕಾರವೇ ಬೇರೆ, ಬಾಲದ ತಿರುವೇ ಬೇರೆ. ಹತ್ತು ನಿಮಿಷದ ಈ ಕೆಲಸವನ್ನು ಮೊದಲೇ ಮಾಡಿದ್ದರೆ ಎರಡು ತಿಂಗಳು ಸುಮ್ನೆ ಹಾಳಾಗುತ್ತಿರಲಿಲ್ಲ.

ಉತ್ತರ ಬೈಕಿನ ಮೇಲೆಯೇ ಇತ್ತು. ಎಂಜಿನ್ನಿನ ಎಡಗಡೆ, ಸಿಲಿಂಡರ್ ಕೂರುವ ಜಾಗದ ಕೆಳಗೆ, ನಂಬರ್ ಒತ್ತಿರುತ್ತಾರೆ. 1969ರ ಮಾದರಿಯಿಂದ ಟ್ರಯಂಫ್ ಮತ್ತು ಬಿಎಸ್ಎ ಕಂಪನಿಗಳ ಬೈಕುಗಳಲ್ಲಿ ಆ ನಂಬರಿನ ಮುಂದೆ ಎರಡು ಅಕ್ಷರ ಬರುತ್ತವೆ. ಮೊದಲನೆಯದು ತಿಂಗಳು, ಎರಡನೆಯದು ಮಾದರಿಯ ವರ್ಷ. ವರ್ಷಕ್ಕೆ ಸಿ ಅಂದರೆ 1969, ಡಿ ಅಂದರೆ 1970, ಇ ಅಂದರೆ 1971. ಎಫ್ ಬಿಟ್ಟು ಜಿ ಅಂದರೆ 1972. ಮಾದರಿಯ ವರ್ಷ ಶುರುವಾಗುತ್ತಿದ್ದದ್ದು ಹಿಂದಿನ ವರ್ಷದ ಆಗಸ್ಟ್‌ನಲ್ಲಿ, ಇದನ್ನೂ ನೆನಪಿಡಬೇಕು. ನಮ್ಮದರಲ್ಲಿ ಇದ್ದದ್ದು ಇ ಮತ್ತು ಡಿ, ‘ಇಡಿ’. ತಿಂಗಳ ಜಾಗದಲ್ಲಿ ಇ ಅಂದರೆ ಮೇ. ಅಂದರೆ 1970ರ ಮೇ ತಿಂಗಳಲ್ಲಿ ತಯಾರಾದ ಬೈಕು. ಮಾರಾಟವಾಗದೆ ಎಲ್ಲೋ ನಿಂತಿದ್ದು ಮರುವರ್ಷ ನೋಂದಣಿಯಾಗಿದೆ, ಅಷ್ಟೇ.

ಆ ಒಂದು ವರ್ಷದ ಅಂತರ ಈ ಬೈಕಿನ ಮಟ್ಟಿಗೆ ಚಿಕ್ಕದಲ್ಲ. 1971ರ ಮಾದರಿಗೆ ಟ್ರಯಂಫ್‌ನವರು ಫ್ರೇಮನ್ನೇ ಬದಲಿಸಿದರು. ಅಲ್ಲಿಯವರೆಗೆ ಎಂಜಿನ್ ಆಯಿಲ್‌ಗೆ ಬೇರೆ ಟ್ಯಾಂಕ್ ಇತ್ತು. ಹೊಸ ಫ್ರೇಮಿನಲ್ಲಿ ಆಯಿಲ್ ಹೋದದ್ದು ಫ್ರೇಮಿನ ದಪ್ಪ ಕೊಳವೆಯೊಳಗೆ. ಅದರ ಜೊತೆ ಸೀಟಿನ ತಳದಲ್ಲಿರುವ, ಫೋಮ್ ಕೂರುವ ತಗಡೂ ಬದಲಾಯಿತು. ಸೀಟು ತುಂಬಾ ಎತ್ತರವಾಯಿತು ಅಂತ ಸವಾರರು ದೂರಿದ ಮೇಲೆ ಅದನ್ನೂ ತಗ್ಗಿಸಬೇಕಾಯಿತು. ಹಾಗಾಗಿ ಹೊಸ ಫ್ರೇಮಿನ ಬೈಕುಗಳಿಗೂ ಎಲ್ಲಕ್ಕೂ ಒಂದೇ ಸೀಟಿಲ್ಲ. ‘ಟ್ರಯಂಫ್ 650’ ಅಂತ ಬರೆದು ಕವರ್ ಮಾರಿದರೆ ಅದಕ್ಕೆ ಏನರ್ಥ?

ನಮ್ಮನೆಯವರ ಸ್ನೇಹಿತರೊಬ್ಬರದು ಇನ್ನೂ ಬೇಸರದ ಕತೆ. ಅವರದು ನಾರ್ಟನ್ ಡಾಮಿನೇಟರ್ ಬೈಕು, ಫೆದರ್‌ಬೆಡ್ ಅನ್ನುವ ಫ್ರೇಮಿನದು. ನಾರ್ಟನ್‌ನವರು 1960ರ ಮಾದರಿಗೆ ಆ ಫ್ರೇಮಿನ ಮೇಲಿನ ಕೊಳವೆಗಳನ್ನು ಸೀಟಿನ ಮೂತಿಯ ಹತ್ತಿರ ಒಳಕ್ಕೆ ತಂದರು, ಮೊಣಕಾಲು ಹತ್ತಿರ ಇಟ್ಟು ಕೂರಲು ಅನುಕೂಲವಾಗಲಿ ಅಂತ. ಹಳೆಯದಕ್ಕೆ ವೈಡ್‌ಲೈನ್, ಹೊಸದಕ್ಕೆ ಸ್ಲಿಮ್‌ಲೈನ್ ಅನ್ನುತ್ತಾರೆ. ಇವರದು ವೈಡ್‌ಲೈನ್. ಇಡೀ ಹೊಸ ಸೀಟು ಸಿಗುತ್ತದೆ ಅಂತ ಖುಷಿಯಿಂದ ತರಿಸಿ, ಅದು ಬರುವ ಮೊದಲೇ ಹಳೆಯ ಸೀಟನ್ನು ತಗಡಿನ ಸಮೇತ ಗುಜರಿಗೆ ಹಾಕಿಬಿಟ್ಟರು. ಬಂದದ್ದು ಸ್ಲಿಮ್‌ಲೈನ್ ಸೀಟು. ಈಗ ಕವರ್ ಹೊಲಿಯಲು ನಾನಿದ್ದೇನೆ, ಹೊಲಿದದ್ದನ್ನು ಹಾಕಲು ತಗಡಿಲ್ಲ. ತುಕ್ಕು ಹಿಡಿದ ತಗಡಿಗೆ ತೇಪೆ ಹಾಕಬಹುದು. ಇಲ್ಲದ ತಗಡಿಗೆ ಏನು ಮಾಡುವುದು?

ನಮ್ಮ ಎರಡನೆಯ ಕವರಿನ ವಿಷಯಕ್ಕೆ ಬರುತ್ತೇನೆ. ಈ ಸಲ ಬೇರೆಯವರ ಹತ್ತಿರ ಕೇಳಿದೆವು. ಎಂಜಿನ್ ಅಕ್ಷರ, ತಗಡಿನ ಉದ್ದ, ಮೂತಿಯಲ್ಲೂ ನಡುವಿನಲ್ಲೂ ಬಾಲದಲ್ಲೂ ಅಗಲ, ಎಷ್ಟು ಉಬ್ಬು, ಹಳೆಯ ಕವರಿನ ಎರಡೂ ಬದಿಯ ಫೋಟೋ, ಎಲ್ಲ ಕಳಿಸಿದೆ. ಬಂದದ್ದು ಸರಿಯಾಗಿತ್ತು. ಆದರೂ ಮೊದಲ ಸಲ ಹಾಕಿದಾಗ ಎರಡೂ ಪಕ್ಕ ಸುಕ್ಕು. ತಪ್ಪು ಕವರಿನದಲ್ಲ, ಒಳಗಿನ ಫೋಮಿನದು. 50 ವರ್ಷದ ರಬ್ಬರ್ ಫೋಮ್ ಅಂಚಿನಲ್ಲಿ ಗಟ್ಟಿಯಾಗಿ, ನಡುವೆ ಪುಡಿಯಾಗಿ, ಕುಗ್ಗಿ ಹೋಗಿತ್ತು. ಮಾರುವವರು ಕವರ್ ಹೊಲಿಯುವುದು ಹೊಸ ಫೋಮಿನ ಎತ್ತರಕ್ಕೆ. ಸುಕ್ಕು ಕಂಡ ಕೂಡಲೇ ಕವರ್ ಸರಿಯಿಲ್ಲ ಅನ್ನುವವರು ದಯವಿಟ್ಟು ಮೊದಲು ಫೋಮನ್ನು ಒತ್ತಿ ನೋಡಿ.

ಹೊಸ ಫೋಮ್ ಬರುವವರೆಗೆ ತಗಡಿನ ಕೆಲಸ ಮಾಡಿದೆವು. ತುಕ್ಕು ಉಜ್ಜಿ ಬಣ್ಣ ಹೊಡೆದೆವು. ತಗಡಿನ ಒಳ ಅಂಚಿನಲ್ಲಿ ಸಣ್ಣ ಮೊನಚು ಹಲ್ಲುಗಳಿರುತ್ತವೆ, ಕವರ್ ಸಿಕ್ಕಿಕೊಳ್ಳುವುದು ಅವಕ್ಕೇ. ಹಿಂದೆ ಯಾರೋ ಅವನ್ನು ಸುತ್ತಿಗೆಯಿಂದ ಬಡಿದು ಮಲಗಿಸಿದ್ದರು. ಒಂದೊಂದನ್ನೇ ಇಕ್ಕಳದಿಂದ ನಿಧಾನವಾಗಿ ಎಬ್ಬಿಸಬೇಕು. ಎರಡು ಮೂರು ಸಲ ಬಗ್ಗಿಸಿದರೆ ಮುರಿಯುತ್ತವೆ. ತಳದಲ್ಲಿ ನೀರು ಇಳಿಯುವ ತೂತುಗಳಿದ್ದರೆ ಬಣ್ಣದಿಂದ ಮುಚ್ಚಬೇಡಿ.

ಕವರ್ ಹಾಕುವುದು ಇಬ್ಬರ ಕೆಲಸ. ನಾವು ಕವರನ್ನು ಒಂದು ಗಂಟೆ ಬಿಸಿಲಿಗೆ ಹಾಕಿದೆವು. ಬೆಚ್ಚಗಾದರೆ ರೆಕ್ಸಿನ್ ಹಿಗ್ಗುತ್ತದೆ. ಫೋಮಿನ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಹಾಸಿದೆವು, ಕವರ್ ಅಂಟಿಕೊಳ್ಳದೆ ಜಾರಲಿ ಅಂತ. ತಗಡಿನ ಮುಂದೆ ಹಿಂದೆ ನಡುವಿಗೆ ಸೀಮೆಸುಣ್ಣದ ಗುರುತು, ಕವರಿನ ನಡುವಿಗೂ ಗುರುತು. ಮೊದಲು ಮೂತಿಯ ಎರಡು ಹಲ್ಲಿಗೆ ಸಿಕ್ಕಿಸಿ, ಆಮೇಲೆ ಬಾಲಕ್ಕೆ, ಆಮೇಲೆ ಪಕ್ಕಗಳಿಗೆ. ಪಕ್ಕದಲ್ಲಿ ನಡುವಿನಿಂದ ಶುರುಮಾಡಿ, ಎಡಕ್ಕೆ ಒಂದು, ಬಲಕ್ಕೆ ಒಂದು. ಒಂದೇ ಪಕ್ಕವನ್ನು ಪೂರ್ತಿ ಎಳೆದು ಮುಗಿಸಿದರೆ ಪೈಪಿಂಗ್ ಗೆರೆ ವಾರೆಯಾಗುತ್ತದೆ, ಮತ್ತೆ ಸರಿಯಾಗುವುದಿಲ್ಲ. ನಮ್ಮನೆಯವರು ಅಂಗೈಯಿಂದ ಫೋಮ್ ಅದುಮಿ ಹಿಡಿದರು, ನಾನು ಎಳೆದೆ. ಗುಂಡುಸೂಜಿ ಮಾತ್ರ ಬೇಡವೇ ಬೇಡ. ಬಟ್ಟೆಯಲ್ಲಿ ಸೂಜಿಯ ತೂತು ಮುಚ್ಚಿಕೊಳ್ಳುತ್ತದೆ, ರೆಕ್ಸಿನ್‌ನಲ್ಲಿ ಹಾಗೇ ಉಳಿಯುತ್ತದೆ. ಬಟ್ಟೆ ಒಣಹಾಕುವ ಕ್ಲಿಪ್ಪು ಸಾಕು. ರಾತ್ರಿಯಿಡೀ ಹಾಗೇ ಬಿಟ್ಟು, ಮರುದಿನ ಇನ್ನೊಮ್ಮೆ ಎಳೆದು, ಆಮೇಲೆ ಅಂಟು ಹಾಕಿದೆವು. ಜಾಸ್ತಿಯಾದ ಅಂಚನ್ನು ಕತ್ತರಿಸಿದ್ದು ಎಲ್ಲಕ್ಕಿಂತ ಕೊನೆಗೆ.

ಮನೆಯಲ್ಲೇ ಹೊಲಿಯುವವರಿಗೆ ಎರಡು ಮಾತು ಹೇಳುತ್ತೇನೆ. ಹತ್ತಿ ದಾರ ಬೇಡ, ನೀರು ಕುಡಿದು ಕೊಳೆಯುತ್ತದೆ. ಪಾಲಿಯೆಸ್ಟರ್ ಅಥವಾ ನೈಲಾನ್ ದಾರ ಇರಲಿ. ಹೊಲಿಗೆ 4 ಮಿಲಿಮೀಟರಿನಷ್ಟು ದೂರ ದೂರ ಬೀಳಲಿ. ಒತ್ತಾಗಿ ಹೊಲಿದರೆ ಗಟ್ಟಿ ಅನ್ನುವ ಮಾತು ಬಟ್ಟೆಗೆ ಸರಿ, ರೆಕ್ಸಿನ್‌ಗೆ ಅಲ್ಲ. ಅಂಚೆಚೀಟಿಯ ಹಾಳೆಯ ಹಾಗೆ ಸಾಲಾಗಿ ತೂತಾಗಿ ಅಲ್ಲೇ ಹರಿಯುತ್ತದೆ.

ಅಂದ ಹಾಗೆ ನಾವೆಲ್ಲ ದಿನಾ ಆಡುವ ಈ ‘ರೆಕ್ಸಿನ್’ ಅನ್ನುವ ಮಾತೂ ಬ್ರಿಟನ್ನಿನಿಂದಲೇ ಬಂದದ್ದು. ಮ್ಯಾಂಚೆಸ್ಟರ್ ಹತ್ತಿರದ ಹೈಡ್‌ನಲ್ಲಿ ತಯಾರಾಗುತ್ತಿದ್ದ ಚರ್ಮದಂಥ ಬಟ್ಟೆಯ ಹೆಸರು ಅದು. ಬಟ್ಟೆಗೆ ಸೆಲ್ಯುಲೋಸ್ ನೈಟ್ರೇಟ್ ಲೇಪ ಕೊಟ್ಟು, ಮೇಲೆ ಚರ್ಮದ ಗೆರೆ ಒತ್ತುತ್ತಿದ್ದರು. ಈಗ ನಾವು ರೆಕ್ಸಿನ್ ಅನ್ನುವುದು ಹೆಚ್ಚಾಗಿ ಪಿವಿಸಿ. ಹೆಸರು ಮಾತ್ರ ಉಳಿದುಕೊಂಡಿದೆ. ಇದು ತಿಳಿದ ದಿನ ನನಗೆ ತುಂಬಾ ಸಂತೋಷವಾಯಿತು.

ಕವರ್ ಮಾಡಿ ಮಾರುವವರು ಈ ಪತ್ರ ಓದಿದರೆ ಒಂದು ಕೋರಿಕೆ. ಪೊಟ್ಟಣದ ಮೇಲೆ ಬೈಕಿನ ಹೆಸರಿನ ಜೊತೆ ಮಾದರಿಯ ವರ್ಷ, ತಗಡಿನ ಉದ್ದ ಅಗಲ, ಯಾವ ಎತ್ತರದ ಫೋಮಿಗೆ ಹೊಲಿದದ್ದು ಅನ್ನುವುದನ್ನು ಬರೆಯಿರಿ. ಅಳತೆ ನಿಮ್ಮ ಹತ್ತಿರ ಇದ್ದೇ ಇರುತ್ತದೆ. ಇಲ್ಲದೆ ಕತ್ತರಿ ಹಾಕಲು ಬರುವುದಿಲ್ಲವಲ್ಲ.

ನಮ್ಮ ಹಳೆಯ ಕವರನ್ನು ಹೊಲಿಗೆ ಬಿಚ್ಚಿ, ಪ್ರತಿ ತುಂಡಿಗೂ ಎಡ, ಬಲ, ಮುಂದೆ, ಹಿಂದೆ ಅಂತ ಗುರುತು ಬರೆದು, ಸುರುಳಿ ಸುತ್ತಿ ಇಟ್ಟಿದ್ದೇನೆ. ಮಡಚಿಲ್ಲ, ಮಡಚಿದ ಗೆರೆಯಲ್ಲೇ ಹಳೆಯ ರೆಕ್ಸಿನ್ ಸೀಳುತ್ತದೆ. ಒಳಗೊಂದು ಚೀಟಿ ಇದೆ: ಟಿ120, ಇಡಿ, ಮೇ 1970.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು